ಸುಂಕೇನಹಳ್ಳಿಯ ನೆರಳು

(ಸಮೇತನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ಮಾತಾಪಿತೃಗಳ ಸ್ಮರಣೆಯನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುವುದಕ್ಕಿಂತ, ವರ್ಷಕ್ಕೊಮ್ಮೆ ಊರಿನವರೆಲ್ಲ ಒಂದೆಡೆ ಕುಳಿತು ಯಾವುದಾದರೊಂದು ವಿಷಯವನ್ನು ಸಾವಧಾನವಾಗಿ ಚಿಂತಿಸುವಂತೆ ಮಾಡುವುದು ಶ್ರೇಯಸ್ಕರವೆಂದು ಬಗೆದು ಈ ದತ್ತಿಯನ್ನಿರಿಸಿದವರಿಗೆ ಮೊದಲು ನನ್ನ ವಂದನೆಗಳು ಸಲ್ಲಬೇಕು. ಉಪನ್ಯಾಸದ ವಿಷಯವನ್ನು ತಾವು ನನ್ನ ಆಯ್ಕೆಗೇ ಬಿಟ್ಟುಕೊಟ್ಟಿರಿ. ಬೆಂಗಳೂರಿನ ಹಳೆಯ ಪೇಟೆಗೆ ಎರಡು ಮೈಲಿಯೊಳಗೆ ಇದ್ದೂ ಮರಗಳ ನೆರಳನ್ನು ಬಹುಮಟ್ಟಿಗೆ ಉಳಿಸಿಕೊಂಡು ಬಂದಿರುವ ಬಸವನಗುಡಿಯಂಥ ಬಡಾವಣೆಯಲ್ಲಿ ವಾಸಮಾಡುವುದರ ಸುಖ ಯಾವ ಬಗೆಯದು, ಅದು ಎಲ್ಲಿಂದ ಬಂತು, ಅದಕ್ಕೆ ತೆತ್ತವರು ಯಾರು ಎಂಬುದನ್ನು ಕುರಿತು ಮಾತನಾಡಬೇಕೆಂದು ನಾನು ಸಂಕಲ್ಪಿಸಿದ್ದೇನೆ. ಆ ಬಡಾವಣೆಯ ನಿವಾಸಿಗಳಲ್ಲಿ ನಾನೂ ಒಬ್ಬ.

ಹೊಸಕೋಟೆ ತಾಲ್ಲೂಕಿನ ಗ್ರಾಮವೊಂದರಲ್ಲಿ ನಿಂತು ಬೆಂಗಳೂರಿನ ಬಡಾವಣೆಯ ಗುಣಕಥನ ಮಾಡುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ 2023ರಲ್ಲಿ ಮೆಟ್ರೊ ರೈಲು ಸಮೀಪದ ಕಾಡುಗೋಡಿಗೆ ಬಂದಿತು. ಇಂದು ಅಲ್ಲಿ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿದರೆ ಬಸವನಗುಡಿಯ ಅಂಚಿನ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಬಹುದು. ಆ ದಾರಿಯಲ್ಲಿ ನಗರವೂ ಇತ್ತ ಕಡೆಗೆ ನಡೆದು ಬರುತ್ತಿದೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬಿಳಿಯ ಕಲ್ಲು ನೆಟ್ಟು ಸೈಟುಗಳನ್ನು ಗುರುತಿಸುವ ಕೆಲಸವನ್ನು ತಾವು ದಿನವೂ ಕಾಣುತ್ತಿದ್ದೀರಿ. ಇಂದು ಸಮೇತನಹಳ್ಳಿಯ ಸುತ್ತಮುತ್ತ ನಡೆಯುತ್ತಿರುವುದು ನೂರಮೂವತ್ತು ವರ್ಷಗಳ ಹಿಂದೆ ಸುಂಕೇನಹಳ್ಳಿಯೆಂಬ ಹಳ್ಳಿಯಲ್ಲಿ ನಡೆಯಿತು. ಬಸವನಗುಡಿಯೆಂದು ನಾವು ಕರೆಯುವ ಬಡಾವಣೆ ಎದ್ದದ್ದು ಆ ಹಳ್ಳಿಯ ನೆಲದ ಮೇಲೆ. ಆದುದರಿಂದ ನಾನು ಹೇಳಲಿರುವುದು ಒಂದು ಹಳ್ಳಿಯ ಕಥೆಯನ್ನು ಮತ್ತೊಂದು ಹಳ್ಳಿಯವರಿಗೆ ಎಂದು ತಾವು ಭಾವಿಸಿದರೆ ನನ್ನ ಪ್ರಯತ್ನಕ್ಕೆ ಅರ್ಥ ಬರುತ್ತದೆ.

ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ, ದಾಸರಹಳ್ಳಿ ಮೊದಲಾದ ಹಳ್ಳಿಗಳ ರೈತರು ಕಡಲೆಕಾಯಿ ಬೆಳೆಯುತ್ತಿದ್ದರೆಂದೂ, ರಾತ್ರಿಯ ವೇಳೆ ಒಂದು ಬಸವ ಬಂದು ಪೈರನ್ನು ಮೇಯುತ್ತಿತ್ತೆಂದೂ, ರೈತನೊಬ್ಬನ ಏಟಿಗೆ ಅದು ಕಲ್ಲಾಗಿ ಕುಳಿತಿತೆಂದೂ, ಪಶ್ಚಾತ್ತಾಪದಿಂದ ಅವರು ಮೊದಲ ಫಸಲನ್ನು ಅದಕ್ಕೆ ಒಪ್ಪಿಸತೊಡಗಿದರೆಂದೂ ಐತಿಹ್ಯವುಂಟು. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಇಕ್ಕೆಲಗಳಲ್ಲಿ ಕಡಲೆಕಾಯಿಯ ರಾಶಿ ಹಾಕಿ ಮಾರುವ ಪರಿಷೆ ಈ ಐತಿಹ್ಯದ ಮುಂದುವರಿಕೆಯೇ ಆಗಿದೆ. ಕೋಲಾರ, ಮಾಲೂರು, ಚಿಂತಾಮಣಿ, ಮಾಗಡಿ, ದೊಡ್ಡಬಳ್ಳಾಪುರದ ಕಡೆಗಳಿಂದ ಬೆಳೆಗಾರರೂ ವ್ಯಾಪಾರಿಗಳೂ ಅಲ್ಲಿಗೆ ಬರುವರು. ಹೊಲಗಳು ಮಾಯವಾಗಿ ಒಂದು ಶತಮಾನವೇ ಕಳೆದಿದ್ದರೂ ಹೊಲದ ದೇವರು ಅಲ್ಲಿಯೇ ಇದ್ದಾನೆ, ಹೊಲದ ಹಬ್ಬವೂ ನಡೆಯುತ್ತಿದೆ, ಬಡಾವಣೆಗೆ ಹೆಸರು ಬಂದದ್ದೂ ಆ ಗುಡಿಯಿಂದಲೇ. ಮಲ್ಲೇಶ್ವರದ ವೃತ್ತಾಂತವೂ ಹೀಗೆಯೇ: ಶಿವಾಜಿಯ ಸಹೋದರ ಏಕೋಜಿ ದತ್ತಿ ನೀಡಿದನೆಂದು ಶಾಸನ ಹೇಳುವ ಕಾಡು ಮಲ್ಲೇಶ್ವರನ ಗುಡಿ ಅಲ್ಲಿನ ಬಡಾವಣೆಗೆ ಹೆಸರನ್ನು ಕೊಟ್ಟಿತು. ಈ ಬಡಾವಣೆಗಳನ್ನು ಯೋಜಿಸಿದವರು ತಮಗಿಂತ ಮೊದಲು ಆ ನೆಲದ ಮೇಲೆ ಏನಿತ್ತು ಎಂಬುದನ್ನು ಒರಸಿಹಾಕಲಿಲ್ಲ. ಗುಡ್ಡವನ್ನು ಗುಡ್ಡವಾಗಿಯೇ ಬಿಟ್ಟರು, ಗುಡಿಯನ್ನು ಗುಡಿಯಾಗಿಯೇ ಬಿಟ್ಟರು. ಬಸವನಗುಡಿಯ ಕಹಳೆ ಬಂಡೆಯೆಂಬ ಪುರಾತನ ಶಿಲಾಸಮೂಹವನ್ನು ಸಿಡಿಸಿ ಜಲ್ಲಿ ಮಾಡಿದ್ದರೆ ಇನ್ನಷ್ಟು ನಿವೇಶನಗಳಾಗುತ್ತಿದ್ದುವು. ಹಾಗೆ ಮಾಡಲಿಲ್ಲವಾದ್ದರಿಂದ ಇಂದಿಗೂ ಆ ಬಂಡೆಗಳ ನಡುವಿನ ಮರಗಳ ಕೆಳಗೆ ವೃದ್ಧರು ಸಂಜೆಯ ಹೊತ್ತು ಕುಳಿತುಕೊಳ್ಳುತ್ತಾರೆ.

ಹೊಸ ಬಡಾವಣೆಗಳ ಆಲೋಚನೆ ಹುಟ್ಟಿದ್ದು 1890ರ ದಶಕದ ಆದಿಯಲ್ಲಿ. ಕೆಂಪೇಗೌಡನು ಕಟ್ಟಿದ ಪೇಟೆ ಅಷ್ಟು ಹೊತ್ತಿಗೆ ಉಸಿರಾಡಲಾಗದಷ್ಟು ಕಿಕ್ಕಿರಿದಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1892ರ ಸುಮಾರಿಗೆ, ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ಹುಟ್ಟಿತು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಆ ಬಡಾವಣೆಯಲ್ಲಿಯೇ. ಅದರ ಬೆನ್ನಿಗೇ ಬಸವನಗುಡಿ ಮಲ್ಲೇಶ್ವರಗಳ ನಕ್ಷೆಗಳು ಸಿದ್ಧವಾದುವು. ಆದರೆ ಹುಟ್ಟಿ ಬೆಳೆದ ಓಣಿಯನ್ನು ಬಿಟ್ಟು ಬಯಲಿಗೆ ಹೋಗಲು ಜನ ಹಿಂಜರಿದರು. 1898ರ ಆಗಸ್ಟಿನಲ್ಲಿ ಪ್ಲೇಗು ಕಾಣಿಸಿಕೊಂಡು ಪೇಟೆಯಲ್ಲಿ ಮನೆಮನೆಗೂ ಮೃತ್ಯು ಬಂದಾಗ, ಆ ಹಿಂಜರಿಕೆ ಒಂದೇ ಋತುವಿನಲ್ಲಿ ಕರಗಿತು. ಗಾಳಿ ಬೆಳಕು ಐಶ್ವರ್ಯವಂತರ ವಿಲಾಸವಲ್ಲ, ಜೀವರಕ್ಷಣೆಯ ಸಾಧನ ಎಂಬ ಅರಿವು ಜನಸಾಮಾನ್ಯರಿಗೂ ಉಂಟಾಯಿತು. ನೇರವಾದ ಅಗಲ ರಸ್ತೆ, ಮನೆಗೂ ಮನೆಗೂ ನಡುವೆ ಬಯಲು, ಮನೆಯ ಹಿಂಭಾಗದಲ್ಲಿ ಮಲ ಸಾಗಿಸುವುದಕ್ಕಾಗಿ ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಇವೆಲ್ಲ ಆ ಕಾಲದ ಆರೋಗ್ಯಚಿಂತನೆಯ ಫಲಗಳು. ಆ ಗಲ್ಲಿಗಳಲ್ಲಿ ಬುಟ್ಟಿ ಹೊತ್ತು ನಡೆದವರ ದುಃಖವನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಅಲ್ಲದೆ ಅಂದಿನವರು ನಿವೇಶನಗಳನ್ನು ಜಾತಿಮತಗಳ ಪ್ರಕಾರ ವಿಂಗಡಿಸಿ, ಇಂಥವರಿಗೆ ಇಂಥ ಭಾಗವೆಂದು ಗೆರೆ ಎಳೆದರು. ರಸ್ತೆಯ ಅಗಲವನ್ನು ಕುರಿತು ಅಷ್ಟು ಉದಾರವಾಗಿ ಯೋಚಿಸಿದವರು ಮನುಷ್ಯರನ್ನು ಕುರಿತು ಅಷ್ಟು ಸಂಕುಚಿತವಾಗಿ ಯೋಚಿಸಿದರೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಹಳೆಯದನ್ನು ಹೊಗಳುವವನು ಈ ಮಾತನ್ನು ಮುಚ್ಚಿಡಬಾರದು.

ನೀರಿನ ಮಾತನ್ನೂ ಹೇಳಬೇಕು. ಅರ್ಕಾವತಿಗೆ ಅಡ್ಡಲಾಗಿದ್ದ ಹೆಸರಘಟ್ಟದ ಕೆರೆಯನ್ನು ವಿಸ್ತರಿಸಿ, ಯಂತ್ರದಿಂದ ನೀರನ್ನೆತ್ತಿ ಕೊಳವೆಯಲ್ಲಿ ನಗರಕ್ಕೆ ತಂದ ಚಾಮರಾಜೇಂದ್ರ ಜಲಾಗಾರದ ಯೋಜನೆ ನಡೆದದ್ದೂ ಅದೇ ದಶಕದಲ್ಲಿ. ಕೊಳಾಯಿ ಬಂದ ಮೇಲೆ ಮನೆಯ ಮುಂದಿನ ಕೈತೋಟಕ್ಕೂ ಹಿತ್ತಿಲ ತೆಂಗು ಪರಂಗಿಗಳಿಗೂ ನೀರು ಸಾಲದೆಂಬ ಭಯ ತಪ್ಪಿತು. ನಗರದ ಬಡಾವಣೆ ಹಸಿರಾದದ್ದು ಗ್ರಾಮಾಂತರದ ನದಿಯ ಉಪಕಾರದಿಂದ. ಇದನ್ನು ಬಸವನಗುಡಿಯವರು ಮರೆತಿರಬಹುದು. ಗ್ರಾಮಾಂತರದವರಾದ ತಾವು ಮರೆಯಬೇಕಾದ ಕಾರಣವಿಲ್ಲ.

ಇನ್ನು ಮರಗಳು. ಬಡಾವಣೆಯ ಪೂರ್ವದ ಅಂಚಿಗೆ ಲಾಲ್‌ಬಾಗ್ ಇದ್ದದ್ದು ಬಸವನಗುಡಿಯ ಮಹಾಭಾಗ್ಯ. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟ, 1874ರಲ್ಲಿ ಅದರ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮರನ್ ಅವರ ಕೈಯಲ್ಲಿ ದೇಶವಿದೇಶಗಳ ಸಸ್ಯಗಳ ತವರಾಯಿತು. 1908ರಲ್ಲಿ ಅವರ ಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್ ತೋಟದೊಳಗಿನ ವಿದ್ಯೆಯನ್ನು ಬೀದಿಗೆ ತಂದರು. ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಮತ್ತೊಂದು ಜಾತಿಯದು ಅರಳಬೇಕು, ವರ್ಷದ ಯಾವ ತಿಂಗಳಲ್ಲಿಯೂ ನಗರ ಹೂವಿಲ್ಲದೆ ಇರಬಾರದು ಎಂಬುದು ಅವರ ಅಪೇಕ್ಷೆಯಾಗಿತ್ತು. ಅದು ಎಷ್ಟರಮಟ್ಟಿಗೆ ಫಲಿಸಿತೆಂಬುದನ್ನು ನಮ್ಮ ಬೀದಿಗಳಲ್ಲಿ ವರ್ಷವಿಡೀ ನಡೆದಾಡುವವನು ಬಲ್ಲ. ಮಾಘ ಫಾಲ್ಗುಣಗಳಲ್ಲಿ ತಬೇಬುಯಾ ಎಲೆಯನ್ನೆಲ್ಲ ಕಳೆದುಕೊಂಡು ಹಳದಿಯೊಂದನ್ನೇ ಉಟ್ಟು ನಿಲ್ಲುತ್ತದೆ. ಜಕರಂಡದ ನೀಲಿ ನೆಲಕ್ಕೆ ಹಾಸುತ್ತದೆ. ಯುಗಾದಿಯ ಆಸುಪಾಸಿಗೆ ಹೊಂಗೆಯ ಚಿಗುರು ಕಣ್ಣಿಗೆ ತಂಪೆರೆಯುತ್ತದೆ. ಬಿಸಿಲು ಅಸಹನೀಯವಾದ ವೈಶಾಖದಲ್ಲಿ, ಮಕ್ಕಳು ಕತ್ತಿಕಾಯಿ ಮರವೆಂದು ಕರೆಯುವ ಗುಲ್‌ಮೊಹರ್ ಕೆಂಪಾಗುತ್ತದೆ. ಮಳೆಗಾಲ ಹಿಂದೆಗೆಯುವಾಗ ಆಕಾಶಮಲ್ಲಿಗೆಯ ಬಿಳಿಯ ಹೂಗಳು ಪರಿಮಳದೊಡನೆ ಉದುರುತ್ತವೆ. ದೂರದೇಶದಿಂದ ಬಂದ ಮಳೆಮರಗಳು ರಸ್ತೆಯ ಈ ಬದಿಯಿಂದ ಆ ಬದಿಗೆ ಕೈಚಾಚಿ ಚಪ್ಪರ ಹಾಕಿದ್ದರೆ, ಗುಡಿಗಳ ಮುಂದೆ ನಮ್ಮವೇ ಆದ ಅರಳಿ ಬೇವುಗಳು ಜೋಡಿಯಾಗಿ ನಿಂತಿವೆ. ಮಲ್ಲೇಶ್ವರದಲ್ಲಂತೂ ಸಂಪಿಗೆ ರಸ್ತೆಯೆಂದೂ, ಬೇವಿನ ಮರದಿಂದ ಹೆಸರಾದ ಮಾರ್ಗೋಸಾ ರಸ್ತೆಯೆಂದೂ ಬೀದಿಗಳನ್ನೇ ಮರಗಳಿಂದ ಗುರುತಿಸಿದರು.

ಇದು ಕೇವಲ ಕಣ್ಣಿನ ಹಬ್ಬವಲ್ಲ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನ ರಸ್ತೆಗಳಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಮರಗಳಿರುವ ರಸ್ತೆಯ ಭಾಗದಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಮರಗಳಿಲ್ಲದ ಭಾಗಕ್ಕಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆಯಿತ್ತು. ರಸ್ತೆಯ ಮೇಲ್ಮೈಯ ಉಷ್ಣತೆಯಲ್ಲಿ 27.5 ಡಿಗ್ರಿಯವರೆಗೂ ವ್ಯತ್ಯಾಸ ಕಂಡಿತು. ಬೀದಿಯಲ್ಲಿ ಹೂ ಕಟ್ಟಿ ಮಾರುವ ಹೆಂಗಸಿಗೆ, ತರಕಾರಿಯ ತಳ್ಳುಗಾಡಿಯವನಿಗೆ, ಶಾಲೆಯಿಂದ ಕಾಲ್ನಡಿಗೆಯಲ್ಲಿ ಹಿಂದಿರುಗುವ ಮಗುವಿಗೆ ಈ ಅಂಕೆಗಳ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಮನೆಯೊಳಗೆ ತಂಪು ಯಂತ್ರವನ್ನಿರಿಸಿಕೊಂಡವನಿಗೆ ಬೀದಿಯ ಮರ ಅಲಂಕಾರವಾದೀತು. ಬೀದಿಯಲ್ಲಿಯೇ ಬದುಕುವವನಿಗೆ ಅದು ಮನೆ.

ನಮ್ಮ ನೆರಳು ಪ್ರಕೃತಿ ತಾನಾಗಿ ಕರುಣಿಸಿದ್ದೆಂದು ಬಹುಜನ ಭಾವಿಸಿರುವರು. ನನ್ನ ತಿಳಿವಳಿಕೆಯಲ್ಲಿ ಅದು ಹಾಗಲ್ಲ. ಮೊದಲ ಮನೆಯ ಅಡಿಗಲ್ಲು ಬೀಳುವ ಮುನ್ನ, ನಕ್ಷೆಯಲ್ಲಿ ರಸ್ತೆಗೆ ಇಷ್ಟು ಅಗಲವಿರಲಿ, ಅದರ ಅಂಚಿನಲ್ಲಿ ಇಷ್ಟು ಮಣ್ಣು ತೆರೆದಿರಲಿ ಎಂದು ಬರೆದವನ ಲೇಖನಿಯಲ್ಲಿಯೇ ಆ ನೆರಳು ಹುಟ್ಟಿತು. ಅಗಲವನ್ನು ಆಗಲೇ ಬಿಡದೆ ಹೋಗಿದ್ದರೆ ಕ್ರುಂಬಿಗಲ್ ಅವರಿಗೆ ಗುಂಡಿ ತೋಡಲು ಜಾಗವೇ ಇರುತ್ತಿರಲಿಲ್ಲ. ಮನೆ ಕಟ್ಟಿದ ಮೇಲೆ ಮನೆಯನ್ನು ಒಡೆದು ಮರ ನೆಟ್ಟ ನಗರ ಯಾವ ದೇಶದಲ್ಲಿಯೂ ವಿರಳ. ನಾನು ಈ ದಿನ ಹೇಳಬೇಕೆಂದಿರುವುದೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ. ಉಳಿದುದು ಅದರ ವಿಸ್ತಾರ.

ಪೇಟೆಯ ಸಾಮೀಪ್ಯ ಈ ವಾಸದ ಇನ್ನೊಂದು ಗುಣ. ನೆರಳು ಮಾತ್ರವೇ ಬೇಕಾದವನು ಕಾಡಿಗೆ ಹೋಗಬಹುದು. ವ್ಯಾಪಾರ ಮಾತ್ರವೇ ಬೇಕಾದವನು ಚಿಕ್ಕಪೇಟೆಯಲ್ಲಿ ಇರಬಹುದು. ಎರಡೂ ನಡಿಗೆಯ ದೂರದಲ್ಲಿದ್ದಾಗ ಮನುಷ್ಯನ ದಿನಚರಿಗೆ ಒಂದು ಬಗೆಯ ವಿರಾಮ ಒದಗುತ್ತದೆ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಬೆಳಗಿನ ಹೂವು, ವೀಳ್ಯದೆಲೆ, ಅವರೆಕಾಯಿಯ ಕಾಲದಲ್ಲಿ ಸೊಗಡಿನ ಅವರೆ, ಹಬ್ಬದ ಹಿಂದಿನ ದಿನ ಬಾಳೆಕಂದು ಮಾವಿನ ಸೊಪ್ಪು. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ದೋಸೆ. ಅಲ್ಲಿಂದ ನಾಲ್ಕು ಹೆಜ್ಜೆಗೆ ಪುಸ್ತಕದ ಅಂಗಡಿ. ಆ ಬೀದಿ ಎಷ್ಟು ಜನರ ಮನಸ್ಸಿನಲ್ಲಿ ಬೇರೂರಿತೆಂದರೆ, ಕೆ. ಎಸ್. ನಿಸಾರ್ ಅಹಮದ್ ತಮ್ಮ ಮೊದಲ ಕವನಸಂಕಲನಕ್ಕೆ ‘ಮನಸು ಗಾಂಧಿ ಬಜಾರು’ ಎಂದೇ ಹೆಸರಿಟ್ಟರು.

ನಡೆದು ಹೋಗಬಹುದಾದ ಊರಿನಲ್ಲಿ ಮನುಷ್ಯರು ಒಬ್ಬರನ್ನೊಬ್ಬರು ಅನಿವಾರ್ಯವಾಗಿ ಸಂಧಿಸುತ್ತಾರೆ, ಸಂಧಿಸಿದವರು ಮಾತನಾಡುತ್ತಾರೆ, ಮಾತು ಬೆಳೆದಲ್ಲಿ ಸಂಸ್ಥೆಗಳು ಹುಟ್ಟುತ್ತವೆ. 1917ರಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ನ್ಯಾಷನಲ್ ಹೈಸ್ಕೂಲು ತಲೆಯೆತ್ತಿತು. 1945ರಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷ ಬಿ. ಪಿ. ವಾಡಿಯಾ ದಂಪತಿಗಳಿಂದ ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆ ಆರಂಭವಾಯಿತು. ಹಿಂದೆ ನಾಗಸಂದ್ರ ರಸ್ತೆಯೆನ್ನಿಸಿಕೊಂಡಿದ್ದುದು ಇಂದು ಡಿ. ವಿ. ಜಿ. ರಸ್ತೆ. ಬದಿಯ ಗವಿಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆ. ಇಲ್ಲಿ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕೆಂದಿದ್ದೇನೆ. ಗುಂಡಪ್ಪನವರು ಮುಳಬಾಗಿಲಿನವರು, ಮಾಸ್ತಿಯವರು ಹೊಸಕೋಟೆಗೆ ನೆರೆಯ ಮಾಲೂರು ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿದವರು. ಇಬ್ಬರೂ ಈ ಪೂರ್ವದಿಕ್ಕಿನ ಕೆಮ್ಮಣ್ಣಿನ ಸೀಮೆಯಿಂದಲೇ ಹೊರಟು ಆ ಬೀದಿಗಳಿಗೆ ಸೇರಿದವರು. ಬಸವನಗುಡಿಯ ಸಂಸ್ಕೃತಿಯೆಂದು ನಾವು ಹೆಮ್ಮೆಪಡುವುದರಲ್ಲಿ ಈ ಸೀಮೆಯ ಪಾಲು ಸಣ್ಣದಲ್ಲ.

ತಮ್ಮ ಪಶ್ಚಿಮಕ್ಕೆ, ಹೆಚ್ಚು ದೂರವಿಲ್ಲದ ವೈಟ್‌ಫೀಲ್ಡಿನ ಪೂರ್ವಕಥೆಯೂ ಇಲ್ಲಿ ಸ್ಮರಣೀಯ. ಹತ್ತನೆಯ ಚಾಮರಾಜೇಂದ್ರ ಒಡೆಯರು ನೀಡಿದ ಜಮೀನಿನಲ್ಲಿ, ಡೇವಿಡ್ ವೈಟ್ ಎಂಬುವರ ನೇತೃತ್ವದಲ್ಲಿ ಆಂಗ್ಲೋ ಇಂಡಿಯನ್ ಸಮುದಾಯದವರು 1882ರಲ್ಲಿ ಅಲ್ಲೊಂದು ಕೃಷಿಗ್ರಾಮವನ್ನು ನೆಲೆಗೊಳಿಸಿದರು. ನಡುವೆ ಬಯಲು, ಅದರ ಸುತ್ತ ವರ್ತುಲಾಕಾರದ ರಸ್ತೆ, ಅದರಾಚೆ ತೋಟಸಹಿತವಾದ ಮನೆಗಳು. ಬಸವನಗುಡಿಗೂ ಮೊದಲೇ ತಮ್ಮ ನೆರೆಯಲ್ಲಿ ಹೀಗೊಂದು ಯೋಜನಾಬದ್ಧ ವಸತಿ ಇತ್ತು. ತರುವಾಯ ಬಂದ ಕಚೇರಿಗಳ ಮಹಾಪೂರದಲ್ಲಿ ಅದರ ಶಾಂತಿ ಬಹುಪಾಲು ಕೊಚ್ಚಿಹೋಯಿತಾದರೂ ಒಳವರ್ತುಲದ ರಸ್ತೆ ಇನ್ನೂ ಉಂಟು; ಸಮಯವಿದ್ದವರು ಒಮ್ಮೆ ನೋಡಿ ಬನ್ನಿ.

ನಮ್ಮ ಬಡಾವಣೆ ಇಂದು ಸುಖವಾಗಿದೆಯೆಂದು ನಾನು ಹೇಳಲಾರೆ. ಹೆಂಚಿನ ಮನೆಗಳೂ ವಠಾರಗಳೂ ಒಂದೊಂದಾಗಿ ಬಿದ್ದು, ಅವುಗಳ ಸ್ಥಾನದಲ್ಲಿ ನಿವೇಶನದ ಅಂಚಿನವರೆಗೆ ಕಾಂಕ್ರೀಟು ತುಂಬಿದ ಮಾಳಿಗೆಗಳು ಏಳುತ್ತಿವೆ. ಹಿತ್ತಿಲಿನ ನೇರಳೆ ಸೀಬೆಗಳು ಮೊದಲು ಹೋದುವು. ಬೀದಿಯ ಮರಗಳ ಬುಡಕ್ಕೆ ಸಿಮೆಂಟು ಬಂದಿತು. ಬೇರು ಉಸಿರಾಡಲಾರದೆ ಸೊರಗಿದ ಮರ ಮಳೆಗಾಲದ ಗಾಳಿಗೆ ಉರುಳಿದಾಗ ತಪ್ಪನ್ನು ಮರದ ಮೇಲೆ ಹೊರಿಸುವರು. 1976ರ ವೃಕ್ಷ ಸಂರಕ್ಷಣಾ ಕಾಯಿದೆ ಇದೆ, ಮರ ಕಡಿಯಲು ಅನುಮತಿ ಬೇಕೆಂಬ ನಿಯಮವಿದೆ. ಆದರೂ ರಸ್ತೆ ಅಗಲಿಸುವ ಕಾಲಕ್ಕೆ ಜನ ಬೀದಿಗಿಳಿದು ಮರಗಳನ್ನಪ್ಪಿಕೊಂಡು ನಿಲ್ಲಬೇಕಾಗಿ ಬಂದ ಸಂದರ್ಭಗಳುಂಟು. ನೆರಳಿಗೆ ಬೆಲೆ ಬಂದುದರಿಂದ ನೆಲದ ಬೆಲೆಯೂ ಏರಿ, ಗುಮಾಸ್ತರೂ ಉಪಾಧ್ಯಾಯರೂ ಬಾಡಿಗೆಗಿರುತ್ತಿದ್ದ ಬೀದಿಗಳಲ್ಲಿ ಇಂದು ಅಂಥವರಿಗೆ ಮನೆ ದೊರೆಯುವುದು ದುಸ್ತರವಾಗಿದೆ. ಇದು ನನ್ನನ್ನು ಮರಗಳ ನಾಶಕ್ಕಿಂತಲೂ ಹೆಚ್ಚಾಗಿ ಬಾಧಿಸುತ್ತದೆ. ನೆರಳು ಕೆಲವೇ ಬಡಾವಣೆಗಳಲ್ಲಿದ್ದರೆ ಅದು ಸಿರಿವಂತರ ಪಾಲಾಗುವುದು ಖಂಡಿತ. ಎಲ್ಲ ಬಡಾವಣೆಗಳಲ್ಲಿದ್ದರೆ ಅದಕ್ಕೆ ಬೆಲೆಯೇ ಇರದು, ಎಲ್ಲರಿಗೂ ಸಿಕ್ಕೀತು. ಹಾಗೆ ಮಾಡುವುದು ಅಸಾಧ್ಯವೇನೂ ಅಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳ ಅವರು ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಇಂದು ಅನೇಕ ಸಾಧಾರಣ ಬಡಾವಣೆಗಳ ಬೀದಿಗಳಲ್ಲಿ ಕಾಣುವ ನೆರಳು ಆ ಶ್ರಮದ್ದು.

ಈಗ ಸಮೇತನಹಳ್ಳಿಗೆ ಬರೋಣ. ಮರ ಬೆಳೆಸುವ ವಿದ್ಯೆಯನ್ನು ತಮಗೆ ಜರ್ಮನಿಯವರಾಗಲಿ ಬಸವನಗುಡಿಯವರಾಗಲಿ ಕಲಿಸಬೇಕಾಗಿಲ್ಲ. ಈ ಸೀಮೆಯ ಊರುಗಳಲ್ಲಿ ಗುಂಡುತೋಪು ಬೆಳೆಸಿದವರು ತಮ್ಮ ಹಿರಿಯರೇ. ಮಾವು, ನೇರಳೆ, ಹುಣಿಸೆ, ಹೊಂಗೆಗಳನ್ನು ನೆಟ್ಟು, ಯಾವೊಬ್ಬನ ಸೊತ್ತೂ ಆಗದಂತೆ ಅದನ್ನು ಊರಿಗೆ ಬಿಟ್ಟು, ದಾರಿಹೋಕರಿಗೂ ದನಕರುಗಳಿಗೂ ಜಾತ್ರೆಯ ಗಾಡಿಗಳಿಗೂ ತಂಗಲು ನೆಲೆಯೊದಗಿಸಿದ ಆ ಬುದ್ಧಿ, ನಗರಯೋಜನೆಯೆಂಬ ಶಾಸ್ತ್ರ ಹುಟ್ಟುವ ಮೊದಲೇ ಇಲ್ಲಿತ್ತು. ಅಶ್ವತ್ಥಕಟ್ಟೆ, ಕೆರೆಯ ಏರಿ, ಕೆರೆಗೆ ನೀರು ತರುವ ರಾಜಕಾಲುವೆ, ಗೋಮಾಳ, ಇವೆಲ್ಲವೂ ಲೇಔಟು ಹಾಕುವವನ ಕಣ್ಣಿಗೆ ಮಾರಾಟಕ್ಕೆ ಸಿಕ್ಕದೆ ಉಳಿದ ಜಾಗಗಳಾಗಿ ಕಂಡರೂ, ಮುಂದೆ ಇಲ್ಲಿ ಬಾಳುವವರಿಗೆ ಕಹಳೆ ಬಂಡೆಯಷ್ಟೇ, ಲಾಲ್‌ಬಾಗಿನಷ್ಟೇ ಅಮೂಲ್ಯವಾದುವು.

ಜಮೀನು ಮಾರಬೇಡಿರೆಂದು ಉಪದೇಶಿಸುವ ಅಧಿಕಾರ ನನಗಿಲ್ಲ. ಬೆಳೆಗೆ ಬೆಲೆಯಿಲ್ಲದ, ಕೊಳವೆಬಾವಿ ಬತ್ತಿದ, ಮಕ್ಕಳು ಬೇರೆ ಉದ್ಯೋಗ ಹಿಡಿದ ಕುಟುಂಬದ ಕಷ್ಟವನ್ನು ಪೇಟೆಯ ನೆರಳಿನಲ್ಲಿ ಕುಳಿತವನು ತೂಗಲಾರ. ಆದರೆ ಮಾರುವಾಗಲೂ ಕೇಳಬಹುದಾದ ಕೆಲವು ಮಾತುಗಳುಂಟು. ಉದ್ಯಾನಕ್ಕೂ ಆಟದ ಬಯಲಿಗೂ ನಕ್ಷೆಯಲ್ಲಿ ಬಿಟ್ಟ ಜಾಗ ನೆಲದ ಮೇಲೆಯೂ ಇರಬೇಕು. ಅದು ಯಾರೂ ಕೊಳ್ಳದ ಹಳ್ಳದ ಮೂಲೆಯಾಗದೆ ಮನೆಗಳ ನಡುವೆ ಇರಬೇಕು. ರಸ್ತೆಯ ಎರಡೂ ಅಂಚಿನಲ್ಲಿ ಡಾಂಬರಾಗಲಿ ಕಲ್ಲಾಗಲಿ ಮುಚ್ಚದ ಮಣ್ಣಿನ ಪಟ್ಟಿ ಉಳಿಯಬೇಕು, ಅದರ ಮೇಲೆ ಚರಂಡಿಯನ್ನೂ ವಿದ್ಯುತ್ ಕಂಬವನ್ನೂ ಒಟ್ಟಿಗೆ ಹೇರಬಾರದು. ಸೈಟಿನ ಕಲ್ಲು ನೆಡುವ ದಿನವೇ ಸಸಿಯನ್ನೂ ನೆಡಬೇಕು, ಅದೂ ದನ ಬಾಯಿ ಹಾಕದಷ್ಟು ಎತ್ತರಕ್ಕೆ ಬೆಳೆದದ್ದನ್ನು. ಬೇಲಿ ಕಟ್ಟಿ ಮೊದಲ ಮೂರು ಬೇಸಗೆ ನೀರೆರೆದರೆ ಹೊಂಗೆ ಬೇವುಗಳು ಮುಂದೆ ಯಾರ ಹಂಗನ್ನೂ ಬಯಸವು. ಎಲ್ಲಕ್ಕೂ ಮಿಗಿಲಾಗಿ, ಊರಿನ ಸಂತೆಗೂ ಶಾಲೆಗೂ ಗುಡಿಗೂ ಹೊಸ ಬಡಾವಣೆಗಳಿಂದ ನಡೆದು ಬರುವ ದಾರಿ ಇರಲಿ. ಗೋಡೆ ಕಟ್ಟಿ ಕಾವಲಿರಿಸಿದ ಲೇಔಟುಗಳು ಸಮೇತನಹಳ್ಳಿಯ ಪಕ್ಕದಲ್ಲಿದ್ದೂ ಸಮೇತನಹಳ್ಳಿಗೆ ಸೇರದಂತಾದರೆ ಸುಂಕೇನಹಳ್ಳಿಗೆ ದೊರೆತ ಭಾಗ್ಯ ಈ ಊರಿಗೆ ದೊರೆಯದು. ಅಲ್ಲಿನ ಹಿಂದಿನವರು ಎಳೆದ ಜಾತಿಯ ಗೆರೆಗಳನ್ನು ತಾವು ಹಣದ ಗೆರೆಗಳಾಗಿ ಮತ್ತೆ ಎಳೆಯಲು ಬಿಡಬೇಡಿ.

ಪಂಚಾಯಿತಿಯ ಸದಸ್ಯರು ಇಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೀರಿ. ಗ್ರಾಮಸಭೆ ತಮ್ಮದು. ಈ ಸೀಮೆಯ ಗುಂಡುತೋಪು, ಕೆರೆ, ಕಾಲುವೆಗಳ ಎಲ್ಲೆಯನ್ನು ಅಳೆಸಿ ಕಲ್ಲು ಹಾಕಿಸಿ. ಹೊಸ ಬಡಾವಣೆಯ ಕಾಗದ ತಮ್ಮ ಮುಂದೆ ಬಂದಾಗ ಮನೆಗಳ ಲೆಕ್ಕಕ್ಕಿಂತ ಮೊದಲು ರಸ್ತೆಯಂಚಿನ ಮಣ್ಣು ಎಷ್ಟು ಅಡಿಯೆಂದು ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿ. ವಿದ್ಯಾರ್ಥಿಗಳು ತಮ್ಮ ಶಾಲೆಯಲ್ಲಿ ಸಸಿಮಡಿ ಮಾಡಲಿ. ಈ ಬಾರಿಯ ಮುಂಗಾರಿಗೆ ಮೊದಲೇ ಕೆಲಸ ಆರಂಭವಾಗಲೆಂದು ತಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.